ಮತ್ತು ಸಂಗಡಿಗರು



ಕಮಲಾಪುರದಿಂದ ಕಲಬುರಗಿಗೆ ಬೆಳಗಿನ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಿಮ್ಮಲ್ಲಿ ಕೆಲವರ ಫೋನಿನಿಂದ ಶಿಶುನಾಳ ಶರೀಫರ ಪದಗಳು ಕೇಳಿಬರುವುದನ್ನು ನಾನು ಗಮನಿಸಿದ್ದೇನೆ. ಗಿಟಾರು, ಪಿಟೀಲು, ಡ್ರಮ್ಮುಗಳೊಡನೆ ರಘು ದೀಕ್ಷಿತ್ ಹಾಡಿರುವ ಗುಡುಗುಡಿಯ ಪದ, ಸೋರುವ ಮಾಳಿಗೆಯ ಪದ. ಮಣ್ಣಿನ ಮಾಳಿಗೆ ಸೋರುವಾಗ ಕೆಳಗೆ ಕೊಡ, ಪರಾತ ಇಟ್ಟು ರಾತ್ರಿ ಕಳೆದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಆ ಪದ ನಮಗೆ ಬೇಗ ತಾಗುವುದು ಸಹಜವೇ.

ಒಮ್ಮೆ ಪಕ್ಕದಲ್ಲಿ ಕುಳಿತಿದ್ದ ಹುಡುಗನನ್ನು ಕೇಳಿದೆ: "ಇವರು ಮೊದಲು ಯಾವ ತಂಡದಾಗ ಹಾಡ್ತಿದ್ರು, ಗೊತ್ತದ ಏನಪಾ?" ಅವನು ನಕ್ಕು, "ತಂಡ ಯಾತಕ್ರೀ ಸರ್, ಒಬ್ರೇ ಹಾಡ್ತಾರಲ್ರೀ" ಎಂದ.

ಆ ಉತ್ತರದಲ್ಲಿ ಇತಿಹಾಸದ ಒಂದು ಪ್ರಶ್ನೆ ಅಡಗಿದೆ. ಒಬ್ಬ ಗಾಯಕ ಹೆಸರುವಾಸಿಯಾದ ಮೇಲೆ, ಅದಕ್ಕಿಂತ ಮುಂಚೆ ಅವನೊಂದಿಗೆ ಹಾಡಿದವರು, ನುಡಿಸಿದವರು ಎಲ್ಲಿಗೆ ಹೋಗುತ್ತಾರೆ?

ರಘು ದೀಕ್ಷಿತ್ 1974ರಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯವನ್ನೂ ಕಲಿತವರು. ನಾಟ್ಯ ಮಾಡುವ ಹುಡುಗನೆಂದು ಸಹಪಾಠಿಯೊಬ್ಬ ಹಂಗಿಸಿದಾಗ ಪಂಥ ಕಟ್ಟಿ ಗಿಟಾರು ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. 1990ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಹಾಡುತ್ತಿದ್ದ ತಂಡದ ಹೆಸರು 'ಅಂತರಾಗ್ನಿ', ಎಂದರೆ ಒಳಗಿನ ಬೆಂಕಿ.

ಆ ಕಾಲದ ಪರಿಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಕನ್ನಡದಲ್ಲಿ ಕ್ಯಾಸೆಟ್ಟುಗಳೆಂದರೆ ಮುಖ್ಯವಾಗಿ ಸಿನಿಮಾ ಹಾಡು, ಭಕ್ತಿಗೀತೆ, ಭಾವಗೀತೆ, ಜಾನಪದ. ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್, 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರವೂ ಬಂದಿತ್ತು. ಭಾವಗೀತೆಯ ವೇದಿಕೆಯಲ್ಲಿ ರಾಗ ಹಾಕಿದವರು ಮುಂದೆ, ವಾದ್ಯವೃಂದ ಹಿಂದೆ. ರಾಕ್ ತಂಡದ ಪದ್ಧತಿಯೇ ಬೇರೆ. ಒಬ್ಬ ಒಂದು ಸಾಲು ತರುತ್ತಾನೆ, ಇನ್ನೊಬ್ಬ ಪಿಟೀಲಿನಲ್ಲಿ ಅದಕ್ಕೊಂದು ತಿರುವು ಕೊಡುತ್ತಾನೆ, ಮತ್ತೊಬ್ಬ ಲಯ ಬದಲಿಸುತ್ತಾನೆ; ಯಾರದೋ ಮನೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ತಿದ್ದಿ ತೀಡಿ ಹಾಡು ಆಗುತ್ತದೆ. ಹೀಗೆ ಹುಟ್ಟಿದ ಹಾಡಿಗೆ ಒಬ್ಬನೇ ಕರ್ತೃ ಎನ್ನುವುದು ಕಷ್ಟ. ದೆಹಲಿಯಲ್ಲಿ 1990ರಲ್ಲಿ ಆರಂಭವಾದ 'ಇಂಡಿಯನ್ ಓಷನ್' ಇಂಥದೇ ತಂಡ. ಅದರ 'ಕಂದೀಸಾ' 2000ದಲ್ಲಿ ಹೊರಬಂದಾಗ ದೇಶದ ಗಮನ ಈ ಕಡೆ ತಿರುಗಿತು. ಆದರೆ ಸಿನಿಮಾದ ಹೊರಗಿನ ಹಾಡಿಗೆ ಹಣ ಹಾಕುವ ಕಂಪನಿಗಳು ಕಡಿಮೆ. ರಘು ದೀಕ್ಷಿತ್ ಕೂಡ ಹಲವು ವರ್ಷ ಬಾಗಿಲು ತಟ್ಟಿ ಬರಿಗೈಲಿ ಮರಳಿದವರೇ.

ಮುಂದೆ ಅಂತರಾಗ್ನಿ ತಂಡ ಚದುರಿತು. ರಘು ಬೇರೆ ಬೇರೆ ಕಲಾವಿದರು ಬಂದು ಸೇರಬಹುದಾದ 'ರಘು ದೀಕ್ಷಿತ್ ಪ್ರಾಜೆಕ್ಟ್' ಕಟ್ಟಿದರು. ಹೆಸರಿನಲ್ಲಾದ ಬದಲಾವಣೆ ನೋಡಿ: ಮೊದಲು ತಂಡದ ಹೆಸರು, ಈಗ ವ್ಯಕ್ತಿಯ ಹೆಸರು. ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿಯ ನೆರವಿನಿಂದ 2008ರಲ್ಲಿ ಮೊದಲ ಆಲ್ಬಂ ಬಂತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳಿದ್ದ ಅದಕ್ಕೆ ಇಟ್ಟ ಹೆಸರು 'ಅಂತರಾಗ್ನಿ'! ಚದುರಿಹೋದ ತಂಡ ಮೊದಲ ಆಲ್ಬಮ್ಮಿನ ಶೀರ್ಷಿಕೆಯಾಗಿ ಉಳಿಯಿತು. ಅದೇ ವರ್ಷ 'ಸೈಕೋ' ಚಿತ್ರದ ಹಾಡುಗಳು, 2010ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮ; ಆಮೇಲಿನದು ನಿಮಗೆ ಗೊತ್ತಿರುವ ಕಥೆ. ಆಗಲೂ ಗೌರವ್ ವಾಜ್ ಬೇಸ್ ಗಿಟಾರಿನಲ್ಲಿ, ವಿಜಯ್ ಜೋಸೆಫ್ ಗಿಟಾರಿನಲ್ಲಿ ಜೊತೆಗಿದ್ದರು. ಅವರ ಹೆಸರನ್ನು ನೀವು ಕೇಳಿದ್ದೀರಾ?

ಹಳೆಯ ತಂಡದ ಹಾಡು ಕೇಳಬೇಕೆಂದು ಅಂತರಜಾಲದಲ್ಲಿ ಹೆಸರು ಒತ್ತಿದರೆ ಮೊದಲು ಎದುರಾಗುವುದು ಕಾನ್ಪುರದ ಐಐಟಿ ವಿದ್ಯಾರ್ಥಿಗಳ ಉತ್ಸವ. ಅದರ ಹೆಸರೂ ಅಂತರಾಗ್ನಿಯೇ. ಹಾಗಾದರೆ ಸಾಕ್ಷ್ಯಗಳನ್ನು ಎಲ್ಲಿ ಹುಡುಕಬೇಕು? ಇಂಗ್ಲೆಂಡಿನ ಒಂದು ಪ್ರಸಂಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೀಟಲ್ಸ್ ಎಂಬ ಹೆಸರು ಬರುವ ಮೊದಲು ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ 'ಕ್ವಾರಿಮೆನ್' ಎಂಬ ತಂಡದಲ್ಲಿದ್ದರು. 1958ರಲ್ಲಿ ಲಿವರ್‌ಪೂಲಿನ ಒಂದು ಮನೆ ಸ್ಟುಡಿಯೋದಲ್ಲಿ ಎರಡು ಹಾಡು ಮುದ್ರಿಸಿದರು. ಸಿಕ್ಕಿದ್ದು ಒಂದೇ ತಟ್ಟೆ. ಹುಡುಗರು ಸರದಿಯ ಮೇಲೆ ಮನೆಗೊಯ್ದು ಕೇಳುತ್ತಿದ್ದರು. ಕೊನೆಗೆ ಅದು ಉಳಿದದ್ದು ಪಿಯಾನೊ ನುಡಿಸಿದ್ದ ಜಾನ್ ಲೋ ಎಂಬವರ ಬಳಿ. ಅವರು ಮುಂದೆ ಪ್ರಸಿದ್ಧರಾಗಲಿಲ್ಲ, ಆದರೆ ತಟ್ಟೆಯನ್ನು ಕಳೆಯಲಿಲ್ಲ. 1981ರಲ್ಲಿ ಮೆಕಾರ್ಟ್ನಿ ಅದನ್ನು ಅವರಿಂದ ಕೊಂಡರು; 1995ರಲ್ಲಿ ಲೋಕ ಅದನ್ನು ಕೇಳಿತು. ದೊಡ್ಡವರ ಆರಂಭದ ದಾಖಲೆ ಬಹಳ ಸಲ ಸಿಗುವುದು ಹೀಗೆ ಜೊತೆಗಿದ್ದವರ ಪೆಟ್ಟಿಗೆಯಲ್ಲಿ.

ನಮ್ಮ ನೆಲಕ್ಕೆ ಬನ್ನಿ. ಕಡಕೋಳ ಮಡಿವಾಳಪ್ಪನವರಿಂದ ಮೊದಲ್ಗೊಂಡು ಕಲಬುರಗಿ ಸೀಮೆ ತತ್ವಪದಗಳ ಸೀಮೆ. ಪದ ಬರೆದವರು ಯಾರೆಂದು ಕೊನೆಯ ಅಂಕಿತ ಹೇಳುತ್ತದೆ. 1889ರಲ್ಲಿ ತೀರಿಕೊಂಡ ಶರೀಫರ ಪದಗಳನ್ನು ಇಂದಿಗೂ 'ಶಿಶುನಾಳಾಧೀಶ'ನ ಅಂಕಿತದಿಂದ ಗುರುತಿಸುತ್ತೇವೆ. ಆದರೆ ಅಮಾವಾಸ್ಯೆಗೊಮ್ಮೆ ಮಠದ ಕಟ್ಟೆಯ ಮೇಲೆ ಕುಳಿತು, ಏಕತಾರಿ, ತಾಳ, ದಮ್ಮಡಿ ಹಿಡಿದು ತಲೆಮಾರುಗಳ ಕಾಲ ಇಂಥ ಪದಗಳನ್ನು ಬಾಯಲ್ಲಿ ಉಳಿಸಿಕೊಂಡ ಭಜನಾ ಮೇಳದವರಿಗೆ ಅಂಕಿತವಿಲ್ಲ. ರೇಡಿಯೊದಲ್ಲಿ ಅವರ ಹೆಸರು ಒಂದೇ: ಇಂಥವರು 'ಮತ್ತು ಸಂಗಡಿಗರು'.

ನಮ್ಮ ಮನೆಯಲ್ಲಿ ಒಂದು ಹಳೆಯ ಕ್ಯಾಸೆಟ್ಟಿದೆ. ನಮ್ಮೂರ ಮೇಳದವರು ತಾವೇ ದುಡ್ಡು ಕೂಡಿಸಿ ಕಲಬುರಗಿಯಲ್ಲಿ ಮುದ್ರಿಸಿದ್ದು. ಹೊದಿಕೆಯ ಮೇಲೆ ಮುಖ್ಯ ಗಾಯಕರ ಭಾವಚಿತ್ರ, ಕೆಳಗೆ ಆ ಎರಡು ಪದ. ಸಂಗಡಿಗರಲ್ಲಿ ನಮ್ಮ ಕಾಕಾ ಒಬ್ಬರು, ಏಕತಾರಿ ಅವರದು. ಟೇಪು ಅಂಟಿಕೊಂಡು ಈಗ ಓಡುವುದಿಲ್ಲ. ಬಸ್ಸಿನ ಆ ಹುಡುಗನ ಮಾತು ತಲೆಯಲ್ಲಿದ್ದುದರಿಂದ ಹೋದ ಶ್ರಾವಣದಲ್ಲಿ ಒಂದು ನೋಟುಬುಕ್ಕು ಹಿಡಿದು ಕಾಕಾನ ಮುಂದೆ ಕುಳಿತೆ. ಅವರು ಕಣ್ಣು ಮುಚ್ಚಿ, ಅಂದು ಯಾರು ಯಾರ ಪಕ್ಕ ಕುಳಿತಿದ್ದರೋ ಅದೇ ಸಾಲಿನಲ್ಲಿ ಆರು ಜನರ ಹೆಸರು ಹೇಳಿದರು. ಏಳನೆಯವನು ತಾಳ ಹಾಕುತ್ತಿದ್ದ ಹುಡುಗ. ಅವನ ತಂದೆಯ ಹೆಸರು ನೆನಪಿಗೆ ಬಂತು, ಅವನದು ಬರಲಿಲ್ಲ. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.