ಎರಡನೆಯ ಸಾಲಿನ ಗುರು: ಡಿಕ್ ಲೆಬೋ ಮತ್ತು ರಕ್ಷಣೆಯ ವಿದ್ಯೆ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಶರತ್ಕಾಲದ ಭಾನುವಾರಗಳಂದು ಒಂದು ಸಣ್ಣ ಒಡಕು ಕಾಣಿಸಿಕೊಳ್ಳುತ್ತದೆ. ಮಕ್ಕಳು ಟೆಲಿವಿಷನ್ ಮುಂದೆ ಫುಟ್‌ಬಾಲಿನಲ್ಲಿ ಮುಳುಗಿರುತ್ತಾರೆ. ಹಿರಿಯರು ಬಾಗಿಲಲ್ಲಿ ಕ್ಷಣಕಾಲ ನಿಂತು, "ಕಾಲಿನಿಂದ ಒದೆಯದ ಇದೆಂಥ ಫುಟ್‌ಬಾಲು? ಒಬ್ಬರ ಮೇಲೊಬ್ಬರು ಬೀಳುವುದೂ ಒಂದು ಆಟವೇ?" ಎಂದು ಒಳಗೆ ನಡೆದುಬಿಡುತ್ತಾರೆ. ಹೊರನೋಟಕ್ಕೆ ಬರಿಯ ಬಾಹುಬಲದ ಪ್ರದರ್ಶನದಂತೆ ತೋರುವ ಈ ಆಟಕ್ಕೆ ಒಂದು ಬೌದ್ಧಿಕ ಚರಿತ್ರೆಯೂ ಉಂಟು. ಅದರ ಒಂದು ಅಧ್ಯಾಯವನ್ನು, 14 ವರ್ಷ ಆಡಿ 45 ವರ್ಷ ಕಲಿಸಿದ ಒಬ್ಬ ವ್ಯಕ್ತಿಯ ಮೂಲಕ ತಮ್ಮ ಮುಂದಿಡಲು ಬಯಸುತ್ತೇನೆ.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಒಂದೊಂದು ತಂಡದಲ್ಲಿ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುನ್ನಡೆಯಲು 4 ಅವಕಾಶಗಳು. ಆ ತಂಡದ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಯಾರಿಗೆ, ಯಾವಾಗ ಎಸೆಯಬೇಕೆಂದು ತೀರ್ಮಾನಿಸಲು ಅವನಿಗೆ ದೊರೆಯುವುದು ಎರಡು ಮೂರು ಸೆಕೆಂಡು ಮಾತ್ರ. ಎದುರು ಪಕ್ಷದ ರಕ್ಷಕರು ಅವನ ಮೇಲೆರಗಬೇಕು, ಇಲ್ಲವೇ ಅವನು ಎಸೆಯಬಹುದಾದ ಜಾಗಗಳನ್ನು ಕಾಯಬೇಕು. ಎರಡನ್ನೂ ಮಾಡುವಷ್ಟು ಜನ ಅವರಲ್ಲಿಲ್ಲ. ರಕ್ಷಣೆಯ ಸಮಸ್ಯೆಯೆಲ್ಲ ಈ ಒಂದು ಕೊರತೆಯಲ್ಲಿ ಅಡಗಿದೆ.

ಡಿಕ್ ಲೆಬೋ ಜನಿಸಿದ್ದು 1937ರಲ್ಲಿ, ಒಹಾಯೊ ರಾಜ್ಯದ ಲಂಡನ್ ಎಂಬ ಸಣ್ಣ ಊರಿನಲ್ಲಿ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವುಡಿ ಹೇಸ್ ಅವರ ಶಿಸ್ತಿನ ಗರಡಿಯಲ್ಲಿ ಪಳಗಿ, 1957ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. 1959ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವರನ್ನು ಆರಿಸಿಕೊಂಡಿತು. ಆದರೆ ಋತು ಆರಂಭವಾಗುವ ಮೊದಲೇ ಮನೆಗೆ ಕಳುಹಿಸಿತು. ಆ ತಂಡದ ಯಜಮಾನಿಕೆ ಪಾಲ್ ಬ್ರೌನ್ ಎಂಬ ಮಹಾ ಶಿಸ್ತುಗಾರರ ಕೈಯಲ್ಲಿತ್ತು. ಈ ಹೆಸರನ್ನು ತಾವು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬರುತ್ತದೆ.

ತಿರಸ್ಕೃತರಾದ ಲೆಬೋ ಅವರಿಗೆ ಡೆಟ್ರಾಯಿಟ್ ಲಯನ್ಸ್ ತಂಡ ಆಶ್ರಯ ನೀಡಿತು. ಅಲ್ಲಿ ಅವರು 1972ರವರೆಗೆ ಕಾರ್ನರ್‌ಬ್ಯಾಕ್ ಸ್ಥಾನದಲ್ಲಿ, ಅಂದರೆ ಅಂಗಣದ ಅಂಚನ್ನು ಕಾಯುವ ರಕ್ಷಕರಾಗಿ, ಆಡಿದರು. ಎದುರಾಳಿಯ ಎಸೆತವನ್ನು ನಡುವೆಯೇ ಕಸಿದುಕೊಂಡದ್ದು 62 ಬಾರಿ. ಒಂದನ್ನೂ ತಪ್ಪಿಸಿಕೊಳ್ಳದೆ ಸತತವಾಗಿ ಆಡಿದ್ದು 171 ಪಂದ್ಯ. ಇನ್ನೊಂದು ಅಂಚಿನಲ್ಲಿ ಕೆಲವು ವರ್ಷ 'ನೈಟ್ ಟ್ರೇನ್' ಎಂದು ಪ್ರಖ್ಯಾತರಾದ ಡಿಕ್ ಲೇನ್ ಇದ್ದರು. ಅಂಥ ಪರಾಕ್ರಮಿಯ ಪಕ್ಕದಲ್ಲಿ ನಿಂತವರ ಕಡೆಗೇ ಎದುರಾಳಿಗಳು ಚೆಂಡು ಎಸೆಯುವುದು ಸಹಜ. ದಿನವೂ ಪರೀಕ್ಷೆಗೆ ಒಳಗಾದ ಆ ಮನುಷ್ಯ ಕ್ವಾರ್ಟರ್‌ಬ್ಯಾಕ್‌ಗಳ ಮನಸ್ಸನ್ನು ಓದುವುದನ್ನು ಕಲಿತದ್ದು ಅಲ್ಲಿಯೇ ಎಂದು ನನ್ನ ಊಹೆ.

ಆಟ ಮುಗಿದ ಮರುವರ್ಷವೇ, 1973ರಲ್ಲಿ, ಫಿಲಡೆಲ್ಫಿಯಾದಲ್ಲಿ ಸಹಾಯಕ ತರಬೇತುದಾರರಾದರು; 1976ರಿಂದ ನಾಲ್ಕು ವರ್ಷ ಗ್ರೀನ್ ಬೇ ನಗರದಲ್ಲಿ ದುಡಿದರು. ಮುಖ್ಯ ತರಬೇತುದಾರನನ್ನು ತೆಗೆದರೆ ಅವನ ಸಹಾಯಕರೂ ಗಂಟುಮೂಟೆ ಕಟ್ಟಬೇಕಾಗುವ ವೃತ್ತಿಯದು. ವೀಸಾ ಮತ್ತು ನೌಕರಿಗಾಗಿ ಊರಿಂದೂರಿಗೆ ಅಲೆದ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 1980ರಲ್ಲಿ ಅವರನ್ನು ಕರೆದುಕೊಂಡದ್ದು ಸಿನ್ಸಿನಾಟಿ ಬೆಂಗಾಲ್ಸ್ ತಂಡ. ಅದನ್ನು 1968ರಲ್ಲಿ ಕಟ್ಟಿದವರು, ಆಗಲೂ ಅದರ ಆಡಳಿತ ನಡೆಸುತ್ತಿದ್ದವರು ಅದೇ ಪಾಲ್ ಬ್ರೌನ್! ಹುಡುಗನಾಗಿದ್ದಾಗ ಬೇಡವೆಂದ ವ್ಯಕ್ತಿಯನ್ನು 21 ವರ್ಷಗಳ ಬಳಿಕ ಶಿಕ್ಷಕನಾಗಿ ಬರಮಾಡಿಕೊಂಡರು. 1984ರಲ್ಲಿ ಇಡೀ ರಕ್ಷಣೆಯ ಹೊಣೆ ಲೆಬೋ ಅವರ ಹೆಗಲಿಗೆ ಬಂತು.

ಆ ಕಾಲಕ್ಕೆ ಆಟದ ಸ್ವರೂಪವೇ ಬದಲಾಗುತ್ತಿತ್ತು. ಬದಲಾವಣೆಯ ಕರ್ತೃ ಬಿಲ್ ವಾಲ್ಷ್. ಅವರೂ 1968ರಿಂದ 1975ರವರೆಗೆ ಸಿನ್ಸಿನಾಟಿಯಲ್ಲಿ ಪಾಲ್ ಬ್ರೌನ್ ಅವರ ಸಹಾಯಕರಾಗಿದ್ದವರು. ದೂರ ಎಸೆಯುವ ತೋಳ್ಬಲ ಇಲ್ಲದ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಇಟ್ಟುಕೊಂಡು, ಹತ್ತಿರಕ್ಕೆ, ಕ್ಷಿಪ್ರವಾಗಿ, ನಿಖರವಾಗಿ ಎಸೆಯುವ ಪದ್ಧತಿಯನ್ನು ಅಲ್ಲಿ ರೂಪಿಸಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮುಖ್ಯಸ್ಥರಾಗಿ, ಜೋ ಮೊಂಟಾನಾ ಎಂಬ ಪ್ರತಿಭಾವಂತನ ಕೈಯಲ್ಲಿ ಅದನ್ನು ಅಜೇಯವೆನಿಸುವಂತೆ ಮಾಡಿದರು. ಹೀಗೆ ರೋಗ ಹುಟ್ಟಿದ ಊರಿನಲ್ಲಿಯೇ ಅದರ ಔಷಧವನ್ನು ಅರೆಯುವ ಕೆಲಸ ಲೆಬೋ ಅವರ ಪಾಲಿಗೆ ಬಂತು.

ಅದುವರೆಗೆ ರಕ್ಷಕರಿಗೆ ಇದ್ದದ್ದು ಎರಡು ದಾರಿ. ನಾಲ್ವರೊಡನೆ ಇನ್ನಿಬ್ಬರು ಮೂವರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವುದು ಒಂದು. ಇದಕ್ಕೆ 'ಬ್ಲಿಟ್ಸ್' ಎಂದು ಹೆಸರು. ನುಗ್ಗಿದವನು ಬಿಟ್ಟುಬಂದ ಜಾಗಕ್ಕೆ ಚುರುಕಿನ ಎಸೆತಗಾರ ತಟ್ಟನೆ ಚೆಂಡು ಹಾಕಿದರೆ ಹಿಂದೆ ಹಿಡಿಯುವವರೇ ಇಲ್ಲ. ಹಿಂದೆ ನಿಂತು ಕಾಯುವುದು ಇನ್ನೊಂದು. ಅದರಿಂದ ಅವನಿಗೆ ಬೇಕಾದಷ್ಟು ಸಮಯ ದೊರೆಯುತ್ತದೆ. ಅತ್ತ ದರಿ, ಇತ್ತ ಪುಲಿ. ಈ ಗೊಂದಲದಲ್ಲಿ ಲೆಬೋ ಲೂಸಿಯಾನಾಕ್ಕೆ ಹೋಗಿ, ಮಯಾಮಿ ತಂಡದ ರಕ್ಷಣೆಯನ್ನು ಹಿಂದೆ ರೂಪಿಸಿದ್ದ ಬಿಲ್ ಆರ್ನ್ಸ್‌ಪಾರ್ಗರ್ ಎಂಬ ಹಿರಿಯರನ್ನು ಕಂಡು ಚರ್ಚಿಸಿದರು. ಅಪಾಯವಿಲ್ಲದ ಒತ್ತಡ ಸಾಧ್ಯವೇ ಎಂಬ ಆ ಹಿರಿಯರ ಚಿಂತನೆ ಇವರ ತಲೆಯಲ್ಲಿ ಬೇರೂರಿತು.

ಅದರ ಫಲವೇ 'ಜೋನ್ ಬ್ಲಿಟ್ಸ್'. ತತ್ತ್ವ ಸರಳ. ನುಗ್ಗುವವರ ಸಂಖ್ಯೆಯನ್ನು ಐದಕ್ಕೇ ಸೀಮಿತಗೊಳಿಸು. ಆ ಐವರು ಯಾರೆಂಬುದನ್ನು ಮಾತ್ರ ಕೊನೆಯ ಕ್ಷಣದವರೆಗೆ ಗುಟ್ಟಾಗಿಡು. ಎಡದಿಂದ ಒಬ್ಬ ರಕ್ಷಕ ನುಗ್ಗುತ್ತಾನೆ. ಅವನು ಬಿಟ್ಟ ಜಾಗ ಖಾಲಿಯೆಂದು ಎಸೆತಗಾರನಿಗೆ ವರ್ಷಗಟ್ಟಲೆ ಕಲಿಸಲಾಗಿದೆ. ಕಣ್ಣು ಮುಚ್ಚಿ ಅಲ್ಲಿಗೆ ಎಸೆಯುತ್ತಾನೆ. ಆದರೆ ಮುಂಚೂಣಿಯಲ್ಲಿ ಗುದ್ದಾಡಬೇಕಾಗಿದ್ದ ದೈತ್ಯಕಾಯದವನೊಬ್ಬ ಸದ್ದಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದು ಆ ಜಾಗದಲ್ಲಿಯೇ ನಿಂತಿರುತ್ತಾನೆ! ಕಬಡ್ಡಿಯಲ್ಲಿ ಮೂಲೆಯವನು ಅಂಜಿದಂತೆ ಹಿಂಜರಿದು, ಕಾಲು ಚಾಚಿದ ಎದುರಾಳಿಯ ಹಿಮ್ಮಡಿ ಹಿಡಿಯುವುದನ್ನು ಕಂಡವರಿಗೆ ಈ ಯುಕ್ತಿ ಹೊಸದಲ್ಲ. ಎದುರಾಳಿಯ ಅಜ್ಞಾನವನ್ನಲ್ಲ, ಅವನ ಜ್ಞಾನವನ್ನೇ ಅವನ ವಿರುದ್ಧ ತಿರುಗಿಸಿದ್ದು ಲೆಬೋ ಅವರ ನಿಜವಾದ ಸಾಧನೆಯೆಂದು ನಾನು ತಿಳಿಯುತ್ತೇನೆ.

ಆದರೂ ವಿಧಿ ಬೇಗ ಒಲಿಯಲಿಲ್ಲ. 1989ರ ಜನವರಿ 22ರಂದು ಮಯಾಮಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ವಾಲ್ಷ್ ಮತ್ತು ಲೆಬೋ ಎದುರುಬದುರಾದರು. ಕೊನೆಯ ಕಾಲುಭಾಗದಲ್ಲಿ ಮೊಂಟಾನಾ ಎಸೆದ ಚೆಂಡು ಸಿನ್ಸಿನಾಟಿಯ ರಕ್ಷಕನೊಬ್ಬನ ಕೈಗೇ ಬಂದು ಜಾರಿಹೋಯಿತು. ಮರುಯತ್ನದಲ್ಲಿಯೇ ಅಂಕ ಸಮವಾಯಿತು. ಬಳಿಕ ಸಿನ್ಸಿನಾಟಿ 16-13ರಿಂದ ಮುಂದಿತ್ತು. ಉಳಿದದ್ದು ಮೂರು ನಿಮಿಷ ಚಿಲ್ಲರೆ. ಸ್ಯಾನ್ ಫ್ರಾನ್ಸಿಸ್ಕೊ ಕ್ರಮಿಸಬೇಕಾದದ್ದು 92 ಗಜ. ಮೊಂಟಾನಾ ಸಣ್ಣ ಸಣ್ಣ ಎಸೆತಗಳಿಂದ ಅಷ್ಟನ್ನೂ ಕ್ರಮಿಸಿ, 34 ಸೆಕೆಂಡು ಉಳಿದಿರುವಾಗ ಗೆಲುವಿನ ಅಂಕ ತಂದರು. 20-16. ಇಡೀ ಸಂಜೆ ಆ ಮಹಾತಂಡವನ್ನು ಕಟ್ಟಿಹಾಕಿದ್ದ ರಕ್ಷಣೆಯನ್ನು ಚರಿತ್ರೆ ನೆನೆಯುವುದು ಆ ಕೊನೆಯ ಮೂರು ನಿಮಿಷಗಳಿಂದ ಮಾತ್ರ.

1992ರಲ್ಲಿ ಲೆಬೋ ಪಿಟ್ಸ್‌ಬರ್ಗ್‌ಗೆ ಬಂದರು. ಅಲ್ಲಿ ಡಾಮ್ ಕೇಪರ್ಸ್ ಅವರೊಡನೆ ಸೇರಿ ತಮ್ಮ ಪದ್ಧತಿಯನ್ನು ಪೂರ್ಣಗೊಳಿಸಿದರು. ಊರಿಗೇ 'ಬ್ಲಿಟ್ಸ್‌ಬರ್ಗ್' ಎಂಬ ಅಡ್ಡಹೆಸರು ಬಿತ್ತು. 1997ರಲ್ಲಿ ಮತ್ತೆ ಸಿನ್ಸಿನಾಟಿ. 2000ದಲ್ಲಿ ಅಲ್ಲಿಯೇ ಮುಖ್ಯ ತರಬೇತುದಾರರ ಪಟ್ಟ. ಅದರ ವಿಷಯ ದೀರ್ಘವಾಗಿ ಹೇಳುವಂಥದಲ್ಲ: 12 ಗೆಲುವು, 33 ಸೋಲು, 2002ರ ಕೊನೆಗೆ ವಜಾ. ಉತ್ತಮ ಅಧ್ಯಾಪಕರನ್ನು ಪ್ರಾಂಶುಪಾಲರನ್ನಾಗಿಸಿ ಎರಡೂ ಕೆಡುವುದನ್ನು ನಮ್ಮ ಕಾಲೇಜುಗಳಲ್ಲಿಯೂ ಕಂಡಿದ್ದೇವೆ.

ಬಹುತೇಕರು ನಿವೃತ್ತಿ ಬಯಸುವ ವಯಸ್ಸಿನಲ್ಲಿ, 2004ರಲ್ಲಿ, ಅವರು ಪಿಟ್ಸ್‌ಬರ್ಗ್ ರಕ್ಷಣೆಯ ಹೊಣೆಗೆ ಮರಳಿದರು. 2006ರ ಫೆಬ್ರವರಿಯಲ್ಲಿ, ತಾವು 14 ವರ್ಷ ಆಡಿದ ಡೆಟ್ರಾಯಿಟ್ ನಗರದಲ್ಲಿಯೇ, ಮೊದಲ ಸೂಪರ್ ಬೌಲ್ ಗೆಲುವು ಕಂಡರು. 2009ರ ಫೆಬ್ರವರಿ 1ರಂದು ಟ್ಯಾಂಪಾದಲ್ಲಿ ಎರಡನೆಯದು. ಆ ದಿನ ಮೊದಲರ್ಧದ ಕೊನೆಯ ಕ್ಷಣಗಳಲ್ಲಿ ಅರಿಜೋನಾ ತಂಡ ಗೆರೆಯಿಂದ ಒಂದೇ ಗಜ ದೂರದಲ್ಲಿತ್ತು. ಜೇಮ್ಸ್ ಹ್ಯಾರಿಸನ್ ಎಂಬ ಲೈನ್‌ಬ್ಯಾಕರ್‌ಗೆ ಇದ್ದ ಆದೇಶ ನುಗ್ಗುವುದು. ನುಗ್ಗುವಂತೆ ನಟಿಸಿ ಅವರು ಹಿಂದೆ ಸರಿದರು. ಕರ್ಟ್ ವಾರ್ನರ್ ಎಸೆದ ಚೆಂಡನ್ನು ಕಸಿದು 100 ಗಜ ಓಡಿ ಅಂಕ ಗಳಿಸಿದರು. ಆದೇಶ ಮೀರಿದ್ದು ನಿಜ. ಆದರೆ ಆ ಹೆಜ್ಜೆ ಗುರುವಿನದೇ.

ಶಿಷ್ಯರ ಪ್ರೀತಿ ಅಪಾರವಾಗಿತ್ತು. ಪ್ರತಿವರ್ಷ ಕ್ರಿಸ್‌ಮಸ್ ಸಮಯದಲ್ಲಿ ಅವರು ಆಟಗಾರರನ್ನು ಕೂಡಿಸಿ, ಹಬ್ಬದ ಹಿಂದಿನ ರಾತ್ರಿಯನ್ನು ಕುರಿತ ಪ್ರಸಿದ್ಧ ಮಕ್ಕಳ ಪದ್ಯವನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. ಭೀಮಕಾಯರೆಲ್ಲ ತೆಪ್ಪಗೆ ಕುಳಿತು ಕೇಳುತ್ತಿದ್ದರು. ಗುರುವಿಗೆ ಕೀರ್ತಿಭವನದಲ್ಲಿ ಸ್ಥಾನ ದೊರೆಯಲೆಂದು ಅವರೆಲ್ಲ ಲೆಬೋ ಅವರ ಹಳೆಯ ಡೆಟ್ರಾಯಿಟ್ 44ನೆಯ ಅಂಕಿಯ ಅಂಗಿ ತೊಟ್ಟು ಮೆರೆದದ್ದೂ ಉಂಟು. 2010ರಲ್ಲಿ, ಆಟ ನಿಲ್ಲಿಸಿ 38 ವರ್ಷಗಳ ಬಳಿಕ, ಆ ಗೌರವ ಬಂತು. ಆದರೆ ಅವರನ್ನು ಸೇರಿಸಿಕೊಂಡದ್ದು ಆಟಗಾರನೆಂದು, ಆ 62 ಕಸಿತಗಳಿಗಾಗಿ. ರಕ್ಷಣೆಯ ವ್ಯಾಕರಣವನ್ನೇ ತಿದ್ದಿದ ಶಿಕ್ಷಕನಿಗೆ ಶಿಕ್ಷಕನೆಂಬ ಹೆಸರಿನಲ್ಲಿ ಬಾಗಿಲು ತೆರೆಯಲಿಲ್ಲವೆಂಬುದು ನನಗೆ ಇಂದಿಗೂ ಸಮಾಧಾನ ತರದ ಸಂಗತಿ.

2011ರ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ಗ್ರೀನ್ ಬೇ ತಂಡಕ್ಕೆ 31-25ರಿಂದ ಸೋತಿತು. ಗೆದ್ದವರ ರಕ್ಷಣೆಯನ್ನು ನಡೆಸಿದವರು ಹಳೆಯ ಸಹೋದ್ಯೋಗಿ ಡಾಮ್ ಕೇಪರ್ಸ್. ಗುಟ್ಟು ಆಗಲೇ ಎಲ್ಲರ ಸೊತ್ತಾಗಿತ್ತು. ತಾಳ್ಮೆಯಿಂದ ಸಣ್ಣ ಎಸೆತಗಳನ್ನೇ ಪೋಣಿಸುವ ನ್ಯೂ ಇಂಗ್ಲೆಂಡಿನ ಟಾಮ್ ಬ್ರೇಡಿಯಂಥವರು ಆ ಬಲೆಯಿಂದ ಪಾರಾಗುವುದನ್ನೂ ಕಲಿತಿದ್ದರು. 2015ರಲ್ಲಿ ಲೆಬೋ ಪಿಟ್ಸ್‌ಬರ್ಗ್ ಬಿಟ್ಟು ಟೆನೆಸಿ ತಂಡ ಸೇರಿದರು. ಅವರ ಕೊನೆಯ ಪಂದ್ಯ ನಡೆದದ್ದು 2018ರ ಜನವರಿಯಲ್ಲಿ, ಬ್ರೇಡಿಯ ತಂಡದ ವಿರುದ್ಧ, 35-14ರಿಂದ ಸೋಲು. ಆಗ ಲೆಬೋ ಅವರಿಗೆ 80 ವರ್ಷ. ಎದುರಿಗಿದ್ದ, ಎಲ್ಲರೂ ಮುದುಕನೆಂದು ಕರೆಯುತ್ತಿದ್ದ ಬ್ರೇಡಿ ಹುಟ್ಟಿದ್ದು ಲೆಬೋ ಆಟ ಬಿಟ್ಟ 5 ವರ್ಷಗಳ ನಂತರ.