ಮನೋರಮೆಯ ಗಂಡ

ನಮ್ಮ ಹೇಮಗುಡ್ಡದ ಕಡೆಯ ಹುಡುಗಿಯರಿಗೆ ಹಳಗನ್ನಡವೆಂದರೆ ಹೆದರಿಕೆ. ಆದರೆ ‘ಶ್ರೀರಾಮಾಶ್ವಮೇಧ’ದ ಮುದ್ದಣ-ಮನೋರಮೆಯರ ಸಲ್ಲಾಪವನ್ನು ಓದಿ ಹೇಳಿದರೆ ಹಿಂದಿನ ಸಾಲಿನವರೂ ಮಾತು ನಿಲ್ಲಿಸುತ್ತಾರೆ. ಮಳೆಗಾಲ, ಅರಮನೆಯಿಂದ ದಣಿದು ಬಂದ ಗಂಡ, ಹಾಲು-ಹಣ್ಣು ಕೊಟ್ಟು ಉಪಚರಿಸಿ ಕತೆ ಕೇಳುವ ಹೆಂಡತಿ. ಪದ್ಯ ಬೇಡ, ಮನಸ್ಸಿಗೆ ಹತ್ತುವ ಗದ್ಯದಲ್ಲೇ ಹೇಳು ಎನ್ನುವಷ್ಟು ಸಲಿಗೆ ಅವಳದು. “ಅಕ್ಕೋರ, ಆಕಿ ಅವರ ಖರೇ ಹೆಂಡ್ತಿ ಏನ್ರಿ?” ಎಂದು ಒಬ್ಬಳಾದರೂ ಕೇಳದೆ ಬಿಡುವುದಿಲ್ಲ.

ಖರೇ ಹೆಂಡತಿಯ ಹೆಸರು ಕಮಲಾಬಾಯಿ, ಶಿವಮೊಗ್ಗ ಸೀಮೆಯವರು. ಗಂಡನಿಗೆ ಅರಮನೆಯೂ ಇರಲಿಲ್ಲ, ರಾಜನ ಉಡುಗೊರೆಯೂ ಇರಲಿಲ್ಲ. 1870ರಲ್ಲಿ ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ಮಕ್ಕಳಿಂದ ಕವಾಯತು ಮಾಡಿಸುವುದು, ಬಿಡುವಾದಾಗ ಹಳಗನ್ನಡದಲ್ಲಿ ಬರೆಯುವುದು. ಮಾಸ್ತರಿಕೆಯಲ್ಲಿ ಬಿಡುವು ಎಷ್ಟು ಸಿಗುತ್ತದೆಂದು ನನಗೆ ಗೊತ್ತಿದೆ. ಅದಕ್ಕೇ ಅವರ ಬರವಣಿಗೆ ನೋಡಿದರೆ ಆಶ್ಚರ್ಯ.

ಬರೆದದ್ದನ್ನು ತನ್ನದೆನ್ನಲು ಮಾತ್ರ ಅವರಿಗೆ ಅಳುಕು. ಯಾರೋ ಹಳೆಯ ಕವಿಯ ಓಲೆಗರಿ ಸಿಕ್ಕಿತೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳಿಸಿದರು. ಡ್ರಿಲ್ ಮಾಸ್ತರ ಬರೆದದ್ದೆಂದರೆ ಪಂಡಿತರು ತಿರುಗಿಯೂ ನೋಡಲಾರರು ಎಂದುಕೊಂಡರೋ ಏನೋ. ಮುದ್ದಣ ಎಂಬ ಬಾಲ್ಯದ ಮುದ್ದಿನ ಹೆಸರೇ ಹಳೆಯ ಕವಿಯ ಹೆಸರಾಗಿ ಹೋಯಿತು.

ಹೆಸರು ಮರೆಸುವ ಸಂಕೋಚ ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಎಡ್ವರ್ಡ್ ಪಿಂಕ್ನಿ ಎಂಬ ತರುಣ ತನ್ನ ಮೊದಲ ಕಾವ್ಯವನ್ನು 1823ರಲ್ಲಿ ಹೆಸರಿಲ್ಲದೆ ಅಚ್ಚು ಹಾಕಿಸಿದ. ಮರುವರ್ಷ ಬಾಲ್ಟಿಮೋರಿನಲ್ಲಿ ವಕೀಲನಾದ, ವಕೀಲಿ ಕೈಹಿಡಿಯಲಿಲ್ಲ. 1825ರಲ್ಲಿ ಕವನ ಸಂಕಲನ ತಂದ, 1828ರಲ್ಲಿ ಬರೀ 25ರ ಹರೆಯದಲ್ಲಿ ತೀರಿಕೊಂಡ. ಆದರೂ ಕವಿಯೆಂದು ನಾಲ್ಕು ಜನ ಗುರುತಿಸುವುದನ್ನು ಕಂಡೇ ಹೋದ.

ಮುದ್ದಣನಿಗೆ ಅದೂ ಇಲ್ಲ. ಕ್ಷಯ ಹಿಡಿದು 1901ರ ಫೆಬ್ರವರಿಯಲ್ಲಿ, 31ರ ವಯಸ್ಸಿನಲ್ಲಿ ಹೋದರು. ‘ರಾಮಾಶ್ವಮೇಧ’ದ ಕವಿ ಈ ಮಾಸ್ತರರೇ ಎಂದು ನಾಡಿಗೆ ತಿಳಿದದ್ದು ಆಮೇಲೆ. ತಿಳಿದ ಮೇಲೆ ಹೊಗಳಿಕೆಗೇನೂ ಬರವಿರಲಿಲ್ಲ ಬಿಡಿ.

ಮನೋರಮೆಯ ಒಂದೊಂದು ಕೊಂಕುಮಾತೂ ನಮಗೆ ಬಾಯಿಪಾಠ. ಕಮಲಾಬಾಯಿ ಆಡಿದ ಮಾತು ಒಂದೂ ನಮ್ಮ ಪಾಠದಲ್ಲಿಲ್ಲ. ಮಾಸ್ತರನ ಸಂಬಳದಲ್ಲಿ, ಕ್ಷಯರೋಗಿಯ ಮನೆಯಲ್ಲಿ, ಕತೆಯಲ್ಲಿ ಬರುವ ಆ ಹಾಲು-ಹಣ್ಣನ್ನು ದಿನಾ ಹೇಗೆ ಹೊಂದಿಸುತ್ತಿದ್ದರೋ!