ಕೊಟ್ಟು ಪಡೆವ ಪುಟಗಳು: ಹವ್ಯಾಸಿ ಛಾಯಾಗ್ರಾಹಕರ ಝೀನ್ ವಿನಿಮಯದ ಪೂರ್ವೇತಿಹಾಸ

1861ರ ಕೊನೆಗೆ, ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಕೆಲವೇ ತಿಂಗಳಾಗಿದ್ದಾಗ, ನ್ಯೂಯಾರ್ಕಿನಲ್ಲಿ ಅಮೆಚೂರ್ ಫೋಟೊಗ್ರಾಫಿಕ್ ಎಕ್ಸ್‌ಚೇಂಜ್ ಕ್ಲಬ್ ಎಂಬ ಕೂಟವೊಂದು ಹುಟ್ಟಿತು. ಸದಸ್ಯರು ಸುಮಾರು ಇಪ್ಪತ್ತು ಮಂದಿ. ಎರಡು ತಿಂಗಳಿಗೊಮ್ಮೆ ಪ್ರತಿಯೊಬ್ಬ ಸದಸ್ಯನೂ ತಾನೇ ತೆಗೆದ, ತಾನೇ ಮುದ್ರಿಸಿದ ಒಂದು ಸ್ಟೀರಿಯೊ ಜೋಡಿಚಿತ್ರವನ್ನಾದರೂ ಉಳಿದ ಸದಸ್ಯರೆಲ್ಲರಿಗೂ ಕಳಿಸಬೇಕು ಎಂಬುದು ಕಟ್ಟಳೆ. ಕೂಟದ ಅಧ್ಯಕ್ಷ ಹೆನ್ರಿ ಟಿ. ಆಂಟನಿ, ಆ ಕಾಲದ ದೊಡ್ಡ ಛಾಯಾಗ್ರಹಣ ಸಾಮಗ್ರಿ ಅಂಗಡಿಯ ಪಾಲುದಾರ. ಕಾರ್ಯದರ್ಶಿ ಎಫ್. ಎಫ್. ಥಾಂಪ್ಸನ್ ಬ್ಯಾಂಕ್ ವ್ಯವಹಾರದವನು. ಅವನ ಬಳಿ ಒಂದು ಪುಟ್ಟ ಅಚ್ಚಿನ ಯಂತ್ರವಿತ್ತು. ಕೂಟದ ಸುದ್ದಿಗೆಂದೇ ಅದರಲ್ಲಿ ಒಂದು ಸಣ್ಣ ಪತ್ರಿಕೆಯನ್ನು ಅವನು ಅಚ್ಚುಹಾಕುತ್ತಿದ್ದ.

ಇಂದು ಹವ್ಯಾಸಿಗಳು ಫೋಟೊ ಝೀನ್ ಎಂದು ಕರೆಯುವ ವಸ್ತುವಿನ ಅಂಗಗಳೆಲ್ಲ ಇಲ್ಲಿ ಬಿಡಿಬಿಡಿಯಾಗಿ ಇವೆ. ಚಿತ್ರ ಇದೆ, ಸ್ವಂತ ಅಚ್ಚು ಇದೆ, ಅಂಚೆ ಇದೆ, ಕೊಟ್ಟವನಿಗೆ ಮರಳಿ ಕೊಡಬೇಕೆಂಬ ಕರಾರೂ ಇದೆ. ಚಿತ್ರವೂ ಅಚ್ಚೂ ಒಂದೇ ಹಾಳೆಯ ಮೇಲೆ ಕೂಡಿಲ್ಲ, ಅಷ್ಟೆ. ಛಾಯಾಗ್ರಾಹಕ ತಾನೇ ಪುಟ ಜೋಡಿಸಿ, ಕೆಲವೇ ಪ್ರತಿ ತೆಗೆಸಿ, ನಡುಮಡಿಕೆಗೆ ಎರಡು ಪಿನ್ನು ಹೊಡೆದು, ಇನ್ನೊಬ್ಬರ ಝೀನ್‌ಗೆ ಬದಲಾಗಿ ಕೊಡುವ ಈ ಪುಸ್ತಿಕೆಯ ಚರಿತ್ರೆಯನ್ನು ಸಾಮಾನ್ಯವಾಗಿ 1976ರ ಲಂಡನ್ನಿನ ಪಂಕ್ ಸಂಗೀತದಿಂದ, ಮಾರ್ಕ್ ಪೆರಿಯ ‘ಸ್ನಿಫಿನ್ ಗ್ಲೂ’ ಪತ್ರಿಕೆಯಿಂದ ಶುರುಮಾಡುವುದು ವಾಡಿಕೆ. ಝೀನ್‌ನ ಹೊರನೋಟಕ್ಕೆ ಆ ವಂಶಾವಳಿ ಒಪ್ಪುತ್ತದೆ, ಕೊಡು-ಕೊಳ್ಳುವಿಕೆಗೆ ಒಪ್ಪುವುದಿಲ್ಲ. ವಿನಿಮಯವು ಛಾಯಾಗ್ರಾಹಕರ ಮನೆತನದ್ದೇ ಪದ್ಧತಿ, ಪಂಕ್‌ಗಿಂತ ನೂರಿಪ್ಪತ್ತು ವರ್ಷ ಹಳೆಯದು. ಅಗ್ಗದ ಅಚ್ಚು ಮಾತ್ರ ಬೇರೆ ಕಡೆಯಿಂದ ಬಂತು. ಈ ಎರಡು ಧಾರೆಗಳು ಅಷ್ಟು ಕಾಲ ಯಾಕೆ ಕೂಡಲಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ.

ಸ್ವಯಂಪ್ರಕಾಶನ ಛಾಯಾಗ್ರಹಣದಷ್ಟೇ ಹಳೆಯದು. ಜಾನ್ ಹರ್ಷೆಲ್ 1842ರಲ್ಲಿ ಸಯನೊಟೈಪ್ ವಿಧಾನ ಕಂಡುಹಿಡಿದ ಮರುವರ್ಷವೇ, ಇಂಗ್ಲೆಂಡಿನ ಆನಾ ಆಟ್ಕಿನ್ಸ್ ಅದೇ ನೀಲಿ ಮುದ್ರೆಯಲ್ಲಿ ಬ್ರಿಟನ್ನಿನ ಕಡಲ ಪಾಚಿಗಳ ಚಿತ್ರಗಳನ್ನು ಕಂತುಕಂತಾಗಿ ಹೊರತರತೊಡಗಿದಳು. ಕೆಲಸ 1853ರವರೆಗೆ ನಡೆಯಿತು. ವಿವರಣೆಯ ಪುಟಗಳನ್ನೂ ಅಚ್ಚುಮೊಳೆಗೆ ಕೊಡದೆ, ತನ್ನ ಕೈಬರಹವನ್ನೇ ಬಿಸಿಲಿಗಿಟ್ಟು ನೀಲಿ ಹಾಳೆಗೆ ಇಳಿಸಿದಳು. ಪ್ರತಿಗಳು ಸ್ನೇಹಿತರಿಗೂ ಸಸ್ಯಶಾಸ್ತ್ರ ಬಲ್ಲವರಿಗೂ ಹೋದವು. ಹಾಳೆಗಳನ್ನು ಹೊಲಿಸಿ ಕಟ್ಟಿಸಿಕೊಳ್ಳುವುದು ಪಡೆದವರ ಜವಾಬ್ದಾರಿ. ಅದರಿಂದಾಗಿ ಉಳಿದಿರುವ ಪ್ರತಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಆದರೆ ಇದು ಒಮ್ಮುಖದ ಉಡುಗೊರೆ. ಪಡೆದವರು ಮರಳಿ ಚಿತ್ರ ಕೊಡಬೇಕಾಗಿರಲಿಲ್ಲ. ಕೊಡುವಷ್ಟು ಛಾಯಾಗ್ರಾಹಕರೂ ಆಗ ಇರಲಿಲ್ಲ.

ಅವರು ಹುಟ್ಟಿಕೊಂಡದ್ದು 1851ರ ನಂತರ. ಫ್ರೆಡರಿಕ್ ಸ್ಕಾಟ್ ಆರ್ಚರ್ ತನ್ನ ಕೊಲೋಡಿಯನ್ ವಿಧಾನಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟ. ಗಾಜಿನ ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದಾಯಿತು. 1853ರಲ್ಲಿ ಲಂಡನ್ನಿನಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಸ್ಥಾಪನೆಯಾಯಿತು. ಅದರ ಕೆಲವು ಸದಸ್ಯರು ಒಳಗೊಳಗೇ ಒಂದು ವಿನಿಮಯ ಕೂಟ ಕಟ್ಟಿಕೊಂಡು 1855ರಲ್ಲಿ, ಮತ್ತೆ 1857ರಲ್ಲಿ ಆಲ್ಬಮ್ಮುಗಳನ್ನು ತಯಾರಿಸಿದರು. ಸರ್ರೆ ಪ್ರಾಂತದ ಮಾನಸಿಕ ಆಸ್ಪತ್ರೆಯ ವೈದ್ಯ ಹ್ಯೂ ವೆಲ್ಚ್ ಡೈಮಂಡ್ ಇವರಲ್ಲಿ ಒಬ್ಬ. ಚಿತ್ರಗಳ ಜೊತೆ ಬಳಸಿದ ವಿಧಾನ, ಮಸೂರ ಮುಂತಾದ ತಾಂತ್ರಿಕ ವಿವರಗಳೂ ಆಲ್ಬಮ್ಮಿನಲ್ಲಿ ಸೇರಿದವು. ಇವತ್ತಿನ ಝೀನ್‌ಗಳ ಕೊನೆಯ ಪುಟದಲ್ಲಿ ಕ್ಯಾಮೆರಾ, ಫಿಲ್ಮು, ಡೆವಲಪರ್‌ಗಳ ಹೆಸರು ಬರೆಯುವ ಚಪಲ ಇಷ್ಟು ಹಳೆಯದು.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಇಪ್ಪತ್ತು ಜನರ ಕೂಟದಲ್ಲಿ ಒಬ್ಬೊಬ್ಬನೂ ಒಂದೇ ನೆಗೆಟಿವ್‌ನಿಂದ ಹತ್ತೊಂಬತ್ತು ಪ್ರತಿ ತೆಗೆಯಬೇಕು. ಆಲ್ಬುಮೆನ್ ಕಾಗದವನ್ನು ನೆಗೆಟಿವ್ ಜೊತೆ ಚೌಕಟ್ಟಿಗೆ ಕೂರಿಸಿ ಬಿಸಿಲಿಗಿಡಬೇಕು, ಮೋಡ ಕವಿದರೆ ಕಾಯಬೇಕು. ಆಮೇಲೆ ಚಿನ್ನದ ದ್ರಾವಣ, ಹೈಪೋ, ಗಂಟೆಗಟ್ಟಲೆ ತೊಳೆತ. ಎಲ್ಲರಿಂದ ಸೇರಿ ಒಂದು ಸುತ್ತಿಗೆ 380 ಪ್ರತಿ. ಕೂಟಕ್ಕೆ ಇನ್ನೊಬ್ಬ ಸೇರಿದರೆ ಹಳಬರೆಲ್ಲರಿಗೂ ಒಂದೊಂದು ಪ್ರತಿಯ ಕೆಲಸ ಹೆಚ್ಚುತ್ತದೆ. ಹೀಗಾಗಿ ಇಂಥ ಕೂಟಗಳು ಬೆಳೆಯುವ ಹಾಗೇ ಇರಲಿಲ್ಲ. ನಮ್ಮ ಹೊಲಗಳ ಮುಯ್ಯಾಳು ಪದ್ಧತಿಯಂತೆ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಲೆಕ್ಕ ನಡೆಯುವುದು ಮುಖಪರಿಚಯದ ಸುತ್ತಳತೆಯೊಳಗೇ. ಆಲಿವರ್ ವೆಂಡೆಲ್ ಹೋಮ್ಸ್ ಮಾತ್ರ 1859ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಸ್ಟೀರಿಯೊ ಚಿತ್ರಗಳು ಬ್ಯಾಂಕ್ ನೋಟಿನಂತೆ ಲೋಕವೆಲ್ಲ ಚಲಾವಣೆಯಾಗುವ ವಿನಿಮಯ ವ್ಯವಸ್ಥೆಯನ್ನು ಕಲ್ಪಿಸಿಕೊಂಡಿದ್ದ. ಎರಡೇ ವರ್ಷದಲ್ಲಿ ಒಬ್ಬ ಬ್ಯಾಂಕಿನವನು ಅದನ್ನು ನಡೆಸಿ ನೋಡಿದ. ಆ ನ್ಯೂಯಾರ್ಕ್ ಕೂಟ 1863ರ ಹೊತ್ತಿಗೆ ನಿಂತುಹೋಯಿತು.

ಸೋಲಿನಿಂದ ಕಲಿತವೋ ಎಂಬಂತೆ, 1880ರ ದಶಕದ ಅಂಚೆ ಕೂಟಗಳು ಲೆಕ್ಕವನ್ನೇ ತಿರುಗಿಸಿದವು. ಎಲ್ಲರಿಗೂ ಪ್ರತಿ ಕಳಿಸುವ ಬದಲು, ಒಂದೇ ಚಿತ್ರಪೆಟ್ಟಿಗೆ ಸದಸ್ಯರಿಂದ ಸದಸ್ಯರಿಗೆ ಸರದಿಯಲ್ಲಿ ಸಾಗತೊಡಗಿತು. ಪೆಟ್ಟಿಗೆ ಬಂದಾಗ ನಿಮ್ಮ ಹಳೆಯ ಚಿತ್ರ ತೆಗೆದು ಹೊಸದನ್ನು ಇಡುತ್ತೀರಿ, ಉಳಿದವರ ಚಿತ್ರಗಳ ಬಗ್ಗೆ ಟಿಪ್ಪಣಿ ಬರೆದು ಮುಂದಿನ ವಿಳಾಸಕ್ಕೆ ರವಾನಿಸುತ್ತೀರಿ. ಬ್ರಿಟನ್ನಿನಲ್ಲಿ ಇಂಥ ಕೂಟಗಳು ಇಂದಿಗೂ ಉಳಿದಿವೆ. ನನ್ನ ಮಟ್ಟಿಗೆ ವಿನಿಮಯದ ಅತ್ಯಂತ ಬುದ್ಧಿವಂತ ರೂಪ ಇದೇ, ಏಕೆಂದರೆ ಇಲ್ಲಿ ನೋಡುವುದೂ ಬರೆಯುವುದೂ ಕರಾರಿನ ಭಾಗ. ಈಗಿನ ಝೀನ್ ವಿನಿಮಯದಲ್ಲಿ ಲಕೋಟೆ ಬಿಚ್ಚಿ, ಮೆಚ್ಚಿ, ಕಪಾಟಿಗಿಟ್ಟರೆ ಮುಗಿಯಿತು. ಒರಟಾದ ಮಾತನ್ನು ಯಾರೂ ಆಡುವುದಿಲ್ಲ. ಪೆಟ್ಟಿಗೆಯ ಕೊರತೆಯೂ ಸಣ್ಣದಲ್ಲ: ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕರ್ನಾಟಕದ ಶಾಲೆ-ಕಾಲೇಜುಗಳ ಕೈಬರಹ ಪತ್ರಿಕೆಗಳೂ ಇದೇ ಜಾತಿಯವು. ಒಂದೇ ಪ್ರತಿ, ಕೈಯಿಂದ ಕೈಗೆ ದಾಟಿ, ಕೊನೆಯಲ್ಲಿ ಬಿಟ್ಟ ಖಾಲಿ ಹಾಳೆಗಳಲ್ಲಿ ಓದುಗರ ಅಭಿಪ್ರಾಯ ಹೊತ್ತು ಮರಳುತ್ತಿತ್ತು.

ಅದೇ 1880ರ ದಶಕದಲ್ಲಿ ಅಗ್ಗದ ಅಚ್ಚು ಕಾಲಿಟ್ಟಿತು. ಲಂಡನ್ನಿನ ಡೇವಿಡ್ ಗೆಸ್ಟೆಟ್ನರ್‌ನ ಸೈಕ್ಲೊಸ್ಟೈಲ್, ಎಡಿಸನ್ನನ ಪೇಟೆಂಟ್ ಹಿಡಿದು 1887ರಿಂದ ಷಿಕಾಗೊದ ಎ. ಬಿ. ಡಿಕ್ ಮಾರಿದ ಮಿಮಿಯೊಗ್ರಾಫ್, ಎರಡೂ ಮೇಣದ ಹಾಳೆಯಲ್ಲಿ ಗೀರಿದ ತೂತುಗಳ ಮೂಲಕ ಶಾಯಿ ಹಾಯಿಸುವ ಯಂತ್ರಗಳು. 1930ರ ಮೇ ತಿಂಗಳಲ್ಲಿ ಹೊರಬಂದ ‘ದಿ ಕಾಮೆಟ್’ನಿಂದ ಮೊದಲುಗೊಂಡು ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಇಂಥ ಯಂತ್ರಗಳ ಮೇಲೆ ದೊಡ್ಡದೊಂದು ವಿನಿಮಯ ಲೋಕವನ್ನೇ ಕಟ್ಟಿದರು. ಡೊನಾಲ್ಡ್ ವೋಲ್‌ಹೈಮ್ 1937ರಲ್ಲಿ ಸ್ಥಾಪಿಸಿದ ಫ್ಯಾಂಟಸಿ ಅಮೆಚೂರ್ ಪ್ರೆಸ್ ಅಸೋಸಿಯೇಷನ್‌ನಲ್ಲಿ ಸದಸ್ಯರೆಲ್ಲ ತಂತಮ್ಮ ಪತ್ರಿಕೆಯ ಪ್ರತಿಗಳನ್ನು ಒಬ್ಬ ಸಂಪಾದಕನಿಗೆ ಕಳಿಸುತ್ತಿದ್ದರು. ಅವನು ಕಟ್ಟು ಮಾಡಿ ಎಲ್ಲರಿಗೂ ಮರಳಿಸುತ್ತಿದ್ದ. ನ್ಯೂಯಾರ್ಕ್ ಕೂಟದ ಲೆಕ್ಕವೇ ಇದು, ನಡುವೆ ಒಬ್ಬ ಹಂಚಿಕೆದಾರ ಬಂದ, ಅಷ್ಟೆ. ಈ ಬಳಗದ ಪತ್ರಿಕೆಗಳಿಗೆ ಬೆಲೆಯೆಂದರೆ ಒಂದು ಪ್ರತಿಕ್ರಿಯೆಯ ಪತ್ರ, ಇಲ್ಲವೇ ಒಂದು ಬರಹ, ಇಲ್ಲವೇ ಬದಲಿಗೆ ನಿಮ್ಮ ಪತ್ರಿಕೆ. ಹಣಕ್ಕೆ ಕೊನೆಯ ಸ್ಥಾನ.

ಛಾಯಾಗ್ರಾಹಕರು ಈ ಲೋಕಕ್ಕೆ ಯಾಕೆ ಬರಲಿಲ್ಲ? ಮೇಣದ ಹಾಳೆಗೆ ಅಕ್ಷರ ಗೊತ್ತು, ಗೆರೆ ಗೊತ್ತು, ಬೂದು ಬಣ್ಣ ಗೊತ್ತಿಲ್ಲ. ಫೋಟೊ ಅಚ್ಚಾಗಬೇಕಾದರೆ ಹಾಫ್‌ಟೋನ್ ಬ್ಲಾಕ್ ಬೇಕು, ಬ್ಲಾಕ್ ಮಾಡಿಸಲು ಕಾಸು ಬೇಕು, ಅಚ್ಚುಕೂಟ ಬೇಕು. ಕಡಮೆ ಪ್ರತಿಗೆ ಆ ಖರ್ಚು ಹೊಂದುವುದಿಲ್ಲ. ಆಲ್ಫ್ರೆಡ್ ಸ್ಟಿಗ್ಲಿಟ್ಸ್‌ನ ‘ಕ್ಯಾಮೆರಾ ವರ್ಕ್’ ಪತ್ರಿಕೆಯ ಗತಿ ಇದಕ್ಕೆ ನಿದರ್ಶನ. 1903ರಿಂದ 1917ರವರೆಗೆ ದುಬಾರಿ ಫೋಟೊಗ್ರಾವ್ಯೂರ್ ಚಿತ್ರಗಳನ್ನು ಪುಟಗಳಿಗೆ ಕೈಯಿಂದ ಅಂಟಿಸಿ ಹೊರತಂದ ಆ ಪತ್ರಿಕೆಗೆ ಕೊನೆಯಲ್ಲಿ ಉಳಿದದ್ದು ನಲವತ್ತಕ್ಕೂ ಕಡಮೆ ಚಂದಾದಾರರು. ಬರೆಯುವ ಹವ್ಯಾಸಿಗೆ ಐವತ್ತು ಪ್ರತಿ ಸುಲಭವಾಗಿದ್ದ ಕಾಲದಲ್ಲಿ ಚಿತ್ರ ತೆಗೆಯುವ ಹವ್ಯಾಸಿಗೆ ಇದ್ದದ್ದು ಎರಡೇ ದಾರಿ: ಡಾರ್ಕ್‌ರೂಮಿನಲ್ಲಿ ಒಂದೊಂದಾಗಿ ಪ್ರತಿ ತೆಗೆ, ಇಲ್ಲವೇ ಅಚ್ಚುಕೂಟದವನಿಗೆ ನೂರಾರು ಪ್ರತಿಯ ಹಣ ಕಟ್ಟು. ಕಲಾವಿದ ಎಡ್ ರುಷೇ ಎರಡನೆಯ ದಾರಿಯಲ್ಲೇ ನಡೆದು, 1963ರಲ್ಲಿ ಪೆಟ್ರೋಲ್ ಬಂಕುಗಳ ಇಪ್ಪತ್ತಾರು ಚಿತ್ರಗಳ ಪುಸ್ತಕವನ್ನು 400 ಪ್ರತಿ ಅಚ್ಚುಹಾಕಿಸಿದ. ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಬೇಡವೆಂದು ಮರಳಿಸಿದಾಗ, ತಿರಸ್ಕಾರವನ್ನೇ ಜಾಹೀರಾತಿನಲ್ಲಿ ಹಾಕಿಕೊಂಡ.

ಗೋಡೆ ಒಡೆದದ್ದು ಜೆರಾಕ್ಸ್. 1959ರಲ್ಲಿ ಪ್ರದರ್ಶಿಸಿ ಮರುವರ್ಷ ಕಚೇರಿಗಳಿಗೆ ಬಂದ ಜೆರಾಕ್ಸ್ 914 ಯಂತ್ರ ಸುಮಾರು 295 ಕಿಲೊ ತೂಗುತ್ತಿತ್ತು. ಕಂಪನಿ ಅದನ್ನು ಹೆಚ್ಚಾಗಿ ಬಾಡಿಗೆಗೆ ಕೊಡುತ್ತಿತ್ತು. ಮನೆಗೆ ತರುವ ಮಾತಂತೂ ಇರಲಿಲ್ಲ. ಹಾಗಾಗಿ ಫೋಟೊ ಝೀನ್‌ನ ಮೊದಲ ಅಚ್ಚುಕೂಟ ಎಂದರೆ ಉದ್ಯೋಗದಾತನ ಕಚೇರಿ. ಟೋಕಿಯೊದ ಡೆಂಟ್ಸು ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದ ನೊಬುಯೊಶಿ ಅರಾಕಿ 1970ರಲ್ಲಿ ಅಲ್ಲಿನ ಯಂತ್ರದಲ್ಲೇ ತನ್ನ ಚಿತ್ರಗಳ ಪ್ರತಿ ತೆಗೆದು ‘ಜೆರಾಕ್ಸ್ ಫೋಟೊ ಆಲ್ಬಮ್’ಗಳ ಸರಣಿ ಮಾಡಿದ. ಇಪ್ಪತ್ತೈದು ಸಂಪುಟ, ಒಂದೊಂದರದ್ದು 70 ಪ್ರತಿ, ಎಲ್ಲವೂ ಕೈಕಟ್ಟು. ಗೆಳೆಯರಿಗೆ, ವಿಮರ್ಶಕರಿಗೆ, ಟೆಲಿಫೋನ್ ಡೈರೆಕ್ಟರಿಯಲ್ಲಿ ಕಣ್ಣಿಗೆ ಬಿದ್ದ ಅಪರಿಚಿತರಿಗೂ ಅವನ್ನು ಅಂಚೆಗೆ ಹಾಕಿದ.

ಆ ಅಪರಿಚಿತರೇ ನನಗೆ ಈ ಚರಿತ್ರೆಯ ತಿರುವು. ಮುಖಪರಿಚಯದ ಸುತ್ತಳತೆಯನ್ನು ಪ್ರತಿ ತೆಗೆಯುವ ಶ್ರಮವೇ ಹಾಕಿಕೊಟ್ಟಿತ್ತು. ಶ್ರಮ ಇಳಿದ ಕೂಡಲೆ ಕೊಡುವವನು ಯಾರಿಗೆ ಬೇಕಾದರೂ ಕೊಡಬಲ್ಲವನಾದ, ಮರಳಿ ಬರುತ್ತದೆಂಬ ಖಾತ್ರಿಯಿಲ್ಲದೆ.

ಯಂತ್ರದ ದೋಷವೂ ಇಲ್ಲಿ ಕೆಲಸಕ್ಕೆ ಬಂತು. ಆಗಿನ ಜೆರಾಕ್ಸ್ ನಡುಬೂದುಗಳನ್ನು ನುಂಗಿಹಾಕುತ್ತಿತ್ತು, ಕಪ್ಪು ಹರವಿನ ಅಂಚನ್ನು ಗಾಢವಾಗಿಸಿ ಒಡಲನ್ನು ಪೊಳ್ಳಾಗಿಸುತ್ತಿತ್ತು. ಸೆಲೂನ್ ಎಂಬ ಸ್ಪರ್ಧಾ ಪ್ರದರ್ಶನಗಳಿಗೆ ಕಳಿಸುವ ನುಣುಪಾದ ಚಿತ್ರಕ್ಕೆ ಅದು ಮರಣಶಾಸನ. ಆದರೆ 1968ರ ನವೆಂಬರ್‌ನಿಂದ ಮರುವರ್ಷದವರೆಗೆ ಮೂರೇ ಸಂಚಿಕೆ ಬಂದ ‘ಪ್ರೊವೋಕ್’ ಪತ್ರಿಕೆಯ ಬಳಗ ಜಪಾನಿನಲ್ಲಿ ಒರಟು ಕಣ, ಅಲುಗಾಟ, ಮಸುಕುಗಳನ್ನೇ ಭಾಷೆ ಮಾಡಿಕೊಂಡಿತ್ತು. ಅಂಥ ಚಿತ್ರಕ್ಕೆ ಜೆರಾಕ್ಸಿನಿಂದ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಎರಡನೆಯ ಸಂಚಿಕೆಯಿಂದ ಬಳಗ ಸೇರಿದ ಡೈಡೊ ಮೊರಿಯಾಮ 1972ರಲ್ಲಿ ‘ಕಿರೋಕು’ ಎಂಬ ಸ್ವಂತ ಪುಸ್ತಿಕೆ ಶುರುಮಾಡಿ ಐದು ಸಂಚಿಕೆಗೆ ನಿಲ್ಲಿಸಿದ. 1974ರಲ್ಲಿ ಟೋಕಿಯೊದ ಗ್ಯಾಲರಿಯೊಂದಕ್ಕೆ ಜೆರಾಕ್ಸ್ ಯಂತ್ರವನ್ನೇ ತರಿಸಿ, ನ್ಯೂಯಾರ್ಕಿನಲ್ಲಿ ತೆಗೆದ ಚಿತ್ರಗಳ ಪ್ರತಿಗಳನ್ನು ಬಂದವರ ಎದುರಿಗೇ ಪುಸ್ತಕ ಮಾಡಿ ಕೊಟ್ಟ. ಆ ಪ್ರಯೋಗವನ್ನು 2011ರಲ್ಲಿ ನ್ಯೂಯಾರ್ಕಿನ ಅಪರ್ಚರ್ ಸಂಸ್ಥೆಯಲ್ಲಿ ಮತ್ತೆ ಮಾಡಿದಾಗ ಪುಟಗಳ ಆಯ್ಕೆಯೂ ಅನುಕ್ರಮವೂ ನೋಡುಗರ ಪಾಲಿಗೆ ಬಂದಿತ್ತು.

ಇಷ್ಟಾದ ಮೇಲಿನ ಕಥೆ ವಿಸ್ತಾರದ್ದು, ಅದನ್ನು ಬೇಗ ದಾಟಬಹುದು. ರಸ್ತೆ ಮೂಲೆಯ ಜೆರಾಕ್ಸ್ ಅಂಗಡಿ, ಲೇಸರ್ ಪ್ರಿಂಟರ್, ಜಪಾನಿನ ರಿಸೊಗ್ರಾಫ್ ಬಂದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2001ರಲ್ಲಿ ‘ಹ್ಯಾಂಬರ್ಗರ್ ಐಸ್’ ಎಂಬ ಫೋಟೊ ಝೀನ್ ಹುಟ್ಟಿತು. ಇಂಗ್ಲೆಂಡಿನ ಕೆಫೆ ರಾಯಲ್ ಬುಕ್ಸ್ 2005ರಿಂದ ತೆಳ್ಳನೆಯ ಪುಸ್ತಿಕೆಗಳನ್ನು ಹೊರತರುತ್ತಿದೆ. ಹವ್ಯಾಸಿಗಳ ಗುಂಪು ವಿನಿಮಯದಲ್ಲಿ ಮಾತ್ರ ಹಳೆಯ ಲೆಕ್ಕವೇ ಚಾಲ್ತಿಯಲ್ಲಿದೆ. ಎ4 ಹಾಳೆ ಅರ್ಧ ಮಡಿಸಿ ನಾಲ್ಕರ ಗುಣಕದಲ್ಲಿ ಪುಟ, ಸದಸ್ಯರೆಷ್ಟೋ ಅಷ್ಟು ಪ್ರತಿ, ಎಲ್ಲವೂ ಒಬ್ಬ ಹಂಚಿಕೆದಾರನಿಗೆ, ಅವನಿಂದ ಪ್ರತಿಯೊಬ್ಬರಿಗೂ ಒಂದು ಕಟ್ಟು.

ಭಾರತದಲ್ಲಿ ಆರಂಭ ತಡವಾಗಿರಲಿಲ್ಲ. ಬಾಂಬೆ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ, ಲಂಡನ್ನಿನದಕ್ಕಿಂತ ಒಂದೇ ವರ್ಷ ಈಚೆಗೆ. ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್ಸನ್ 1856ರಿಂದ ‘ದಿ ಇಂಡಿಯನ್ ಅಮೆಚೂರ್ಸ್ ಫೋಟೊಗ್ರಾಫಿಕ್ ಆಲ್ಬಮ್’ ಅನ್ನು ಮಾಸಿಕ ಕಂತುಗಳಲ್ಲಿ ತಂದರು. ಪ್ರತಿ ಕಂತಿನಲ್ಲಿ ಅಸಲಿ ಚಿತ್ರಗಳೇ ಇರುತ್ತಿದ್ದವು. ವೈದ್ಯ ನಾರಾಯಣ ದಾಜಿಯವರ ಚಿತ್ರಗಳೂ ಇದರಲ್ಲಿ ಬಂದವು. ಹೆಸರಿನಲ್ಲಿ ಹವ್ಯಾಸಿ ಇದ್ದರೂ ಇದು ಚಂದಾ ಕಟ್ಟಿ ಕೊಳ್ಳುವ ಸರಕು, ವಿನಿಮಯವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಹವ್ಯಾಸಿಗಳ ಚಿತ್ರಗಳು ಅಂಚೆಯಲ್ಲಿ ಓಡಾಡಿದ್ದು ಹೆಚ್ಚಾಗಿ ಸೆಲೂನ್ ಸ್ಪರ್ಧೆಗಳಿಗಾಗಿ. ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ 1953ರಲ್ಲಿ ಸ್ಥಾಪನೆಯಾಯಿತು. ಅದರ ‘ವ್ಯೂಫೈಂಡರ್’ ಪತ್ರಿಕೆಯ ಜೊತೆ ಬೆಂಗಳೂರಿನ ವೈದ್ಯ, ಭಾರತೀಯ ಛಾಯಾಗ್ರಹಣದ ಚರಿತ್ರೆಕಾರ ಡಾ. ಜಿ. ಥಾಮಸ್ ಅವರ ಹೆಸರು ಸೇರಿಕೊಂಡಿದೆ. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಈ ಪರಂಪರೆಯ ಗಟ್ಟಿ ಕೊಂಡಿ. ಸೆಲೂನಿಗೆ ನೀವು ಚಿತ್ರ ಕಳಿಸುತ್ತೀರಿ; ಬೆನ್ನಿಗೆ ಚೀಟಿ, ಮೊಹರು ಹೊತ್ತು ಚಿತ್ರ ಮರಳುತ್ತದೆ; ಜೊತೆಗೆ ಆಯ್ದ ಚಿತ್ರಗಳ ಒಂದು ಕ್ಯಾಟಲಾಗ್ ಬರುತ್ತದೆ. ಎಲ್ಲರೂ ಚಿತ್ರ ಕೊಟ್ಟು ಎಲ್ಲರೂ ಪುಸ್ತಿಕೆ ಪಡೆಯುವುದರಿಂದ ಮೇಲ್ನೋಟಕ್ಕೆ ಇದೂ ವಿನಿಮಯವೇ. ನಡುವೆ ತೀರ್ಪುಗಾರರು ಕೂತಿದ್ದಾರೆ ಎಂಬುದೊಂದೇ ವ್ಯತ್ಯಾಸ, ಮತ್ತು ಅದು ದೊಡ್ಡ ವ್ಯತ್ಯಾಸ. ಸೆಲೂನ್ ನಮ್ಮವರಿಗೆ ಶಿಸ್ತು ಕಲಿಸಿತು, ಹೆಸರಿನ ಮುಂದೆ ಬಿರುದಿನ ಅಕ್ಷರಗಳನ್ನೂ ಕೊಟ್ಟಿತು. ಒಂದು ಚಿತ್ರದ ಪಕ್ಕ ಇನ್ನೊಂದನ್ನಿಟ್ಟು ಪುಟ ಕಟ್ಟುವ ಅಭ್ಯಾಸವನ್ನು ಕಲಿಸಲಿಲ್ಲ. ಬಿಡಿಚಿತ್ರಕ್ಕೆ ಅಂಕ ಸಿಗುವ ಕಡೆ ಅನುಕ್ರಮ ಯಾರಿಗೆ ಬೇಕು?

ಇದಕ್ಕೆ ಹೊರತಾದದ್ದು ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಪದ್ಧತಿ. ಗೆಳೆಯರ ಜೊತೆ ತಿರುಗಾಡಿ ಬಂದ ಮೇಲೆ ಅಕಾರ್ಡಿಯನ್ ಮಡಿಕೆಯ ಪುಟ್ಟ ಪುಸ್ತಕವನ್ನು ಎರಡೇ ಪ್ರತಿ ಮಾಡಿ, ಒಂದನ್ನು ಆ ಗೆಳೆಯರಿಗೆ ಕಳಿಸಿ ಇನ್ನೊಂದನ್ನು ತಮ್ಮ ಅಡುಗೆಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವುಗಳಲ್ಲಿ ಕೆಲವು 2008ರಲ್ಲಿ ‘ಸೆಂಟ್ ಎ ಲೆಟರ್’ ಹೆಸರಿನಲ್ಲಿ, ಏಳು ಪುಸ್ತಕಗಳ ಪೆಟ್ಟಿಗೆಯಾಗಿ ಜರ್ಮನಿಯ ಸ್ಟೈಡಲ್ ಪ್ರಕಾಶನದಿಂದ ಬಂದವು.

ಕೊಟ್ಟು ಪಡೆದವನ ಸಂಗ್ರಹದಲ್ಲಿ ಸಿಗುವುದು ಅವನು ಪಡೆದದ್ದು. ಅವನು ಮಾಡಿದ್ದು ಬೇರೆಯವರ ಮನೆಗಳಲ್ಲಿ ಚದುರಿರುತ್ತದೆ. 1861ರ ಕೂಟದ ಒಬ್ಬ ಸದಸ್ಯನನ್ನು ಅರಿಯಬೇಕಾದರೆ ಇನ್ನೊಬ್ಬ ಸದಸ್ಯನ ಆಲ್ಬಮ್ ತೆರೆಯಬೇಕು. ಕರ್ನಾಟಕದ ಹವ್ಯಾಸಿಗಳ ಚರಿತ್ರೆ ಬರೆಯುವವರಿಗೂ ಇದೇ ದಾರಿ: ಪ್ರಶಸ್ತಿ ಪಟ್ಟಿಗಳಿಗಿಂತ ಮೊದಲು ನೋಡಬೇಕಾದದ್ದು ಚಿತ್ರಗಳ ಬೆನ್ನಿನ ಚೀಟಿಗಳನ್ನು, ಯಾವ ಊರಿನ ಕ್ಯಾಟಲಾಗ್ ಯಾರ ಮನೆಗೆ ಬಂದು ಉಳಿಯಿತು ಎಂಬುದನ್ನು.